ಜಿಮ್ನಾಸ್ಟಿಕ್ಸ್ ಬೇಸಿಗೆ ಶಿಬಿರಕ್ಕೆ ಕೋಚ್ ಆಗಿ ಹೊರಟಿದ್ದೀರಾ? ಮೊದಲು ಬೀಳುವುದನ್ನು ಕಲಿಸಿ

ಶಿಬಿರಕ್ಕೆ ಕೋಚ್ ಆಗಿ ಸೇರಿದ ಮೊದಲ ವರ್ಷ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ. ಮಕ್ಕಳಿಗೆ ಎಷ್ಟು ಸಾಧ್ಯವೋ ಅಷ್ಟು ಕಲಿಸಬೇಕು, ಕೊನೆಯ ದಿನ ಅಪ್ಪ ಅಮ್ಮ ಬಂದಾಗ ಎಲ್ಲರೂ ಒಂದು ಕಾರ್ಟ್‌ವೀಲ್ (ಕೈ ಊರಿ ಚಕ್ರದ ಹಾಗೆ ಪಕ್ಕಕ್ಕೆ ತಿರುಗುವುದು) ಆದರೂ ಹಾಕಿ ತೋರಿಸಬೇಕು. ಎರಡನೇ ದಿನ ಒಂದು ಹುಡುಗಿ ಬೀಮ್ (ಬ್ಯಾಲೆನ್ಸ್ ಮಾಡುತ್ತಾ ನಡೆಯುವ ಕಿರಿದಾದ ತೊಲೆ) ಮೇಲಿಂದ ಜಾರಿದಳು. ಬೀಳುವಾಗ ಕೈಯನ್ನು ಹಿಂದಕ್ಕೆ ಊರಿದಳು. ಮೊಣಕೈ ಮುರಿಯಿತು. ಆ ಬೀಮ್ ನನ್ನ ಮೊಣಕಾಲಿನಷ್ಟು ಎತ್ತರವೂ ಇರಲಿಲ್ಲ, ಕೆಳಗೆ ಮ್ಯಾಟ್ ಇತ್ತು, ನಾನು ಎರಡು ಹೆಜ್ಜೆ ದೂರದಲ್ಲೇ ನಿಂತಿದ್ದೆ. ಬೀಳುವುದು ಹೇಗೆ ಅಂತ ಮಾತ್ರ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಹೇಳಿಕೊಟ್ಟಿರಲಿಲ್ಲ.

ಅವತ್ತಿನಿಂದ ನಾನು ಶಿಬಿರದ ಕೆಲಸವನ್ನು ನೋಡುವ ರೀತಿಯೇ ಬದಲಾಯಿತು. ಈ ಬೇಸಿಗೆಗೆ ಮೊದಲ ಸಲ ಕೋಚ್ ಆಗಿ ಹೋಗುವವರಿಗೆ, ಅಂದರೆ ಒಂದಷ್ಟು ವರ್ಷ ಜಿಮ್ನಾಸ್ಟಿಕ್ಸ್ ಮಾಡಿದವರು, ದೈಹಿಕ ಶಿಕ್ಷಣ ಓದುತ್ತಿರುವವರು, ಡಾನ್ಸ್ ಅಥವಾ ಬೇರೆ ಆಟದಿಂದ ಬರುತ್ತಿರುವವರು, ಇವರಿಗಾಗಿ ನಾನು ಕಲಿತದ್ದನ್ನು ಸಾಲಾಗಿ ಬರೆಯುತ್ತಿದ್ದೇನೆ.

ಎರಡು ಮೂರು ತಿಂಗಳ ಮೊದಲು

ನಿಮಗೆ ಚೆನ್ನಾಗಿ ಬರುವುದನ್ನು ಕಲಿಸಲು ಬರುತ್ತದೆ ಅಂತ ಅಂದುಕೊಳ್ಳಬೇಡಿ. ಹತ್ತು ವರ್ಷ ಲಾಗ ಹಾಕಿದವರಿಗೆ ತಾವು ಅದನ್ನು ಹೇಗೆ ಮಾಡುತ್ತೇವೆ ಅನ್ನುವುದು ಮರೆತೇ ಹೋಗಿರುತ್ತದೆ, ಮೈ ತಾನಾಗೇ ಮಾಡಿಬಿಡುತ್ತದೆ ಅಲ್ವಾ? ಅದಕ್ಕೇ ಒಂದು ಕೆಲಸ ಮಾಡಿ. ಮುಂದಕ್ಕೆ ಉರುಳುವುದು, ಹಿಂದಕ್ಕೆ ಉರುಳುವುದು, ಹ್ಯಾಂಡ್‌ಸ್ಟ್ಯಾಂಡ್ (ಕೈ ಮೇಲೆ ತಲೆಕೆಳಗಾಗಿ ನಿಲ್ಲುವುದು), ಕಾರ್ಟ್‌ವೀಲ್, ಬ್ರಿಡ್ಜ್ (ಕೈಕಾಲು ಊರಿ ಬೆನ್ನನ್ನು ಕಮಾನಿನ ಹಾಗೆ ಎತ್ತುವುದು), ಬಾರ್ ಮೇಲೆ ಪುಲ್‌ಓವರ್ (ಬಾರ್ ಹಿಡಿದು ಕಾಲೆತ್ತಿ ಅದರ ಮೇಲಿಂದ ಹಿಂದಕ್ಕೆ ತಿರುಗಿ ಮೇಲೇರುವುದು), ಈ ಆರನ್ನೂ ತೀರಾ ನಿಧಾನವಾಗಿ ಮಾಡಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಪ್ರತಿಯೊಂದನ್ನೂ ಆರು ವರ್ಷದ ಮಗುವಿಗೆ ಅರ್ಥವಾಗುವ ನಾಲ್ಕೇ ಮಾತಿನಲ್ಲಿ ಹೇಳಲು ಪ್ರಯತ್ನಿಸಿ. ಕಾರ್ಟ್‌ವೀಲ್‌ಗೆ ನಾನು ಹೇಳುವುದು ಇಷ್ಟೇ: ಕೈ, ಕೈ, ಕಾಲು, ಕಾಲು. ಇದು ಸಿಗಲು ನನಗೆ ಒಂದು ವಾರ ಬೇಕಾಯಿತು. ಅಲ್ಲಿಯವರೆಗೆ ಭುಜ, ಸೊಂಟ, ತೂಕ ಅಂತ ಏನೇನೋ ವಿವರಿಸುತ್ತಿದ್ದೆ, ಮಕ್ಕಳು ಮ್ಯಾಟಿನ ದಾರ ಕೀಳುತ್ತಾ ಕೂತಿರುತ್ತಿದ್ದರು.

ಹತ್ತಿರದ ಯಾವುದಾದರೂ ಜಿಮ್ನಾಸ್ಟಿಕ್ಸ್ ಕ್ಲಬ್ಬಿಗೆ ಹೋಗಿ, ಚಿಕ್ಕ ಮಕ್ಕಳ ಕ್ಲಾಸಿನಲ್ಲಿ ಸಹಾಯಕ್ಕೆ ನಿಲ್ಲುತ್ತೇನೆ ಅಂತ ಕೇಳಿ. ಸಂಬಳ ಬೇಡ. ಎಂಟು ಹತ್ತು ಕ್ಲಾಸು ಸುಮ್ನೆ ನೋಡಿದರೂ ಸಾಕು. ಅನುಭವಿ ಕೋಚ್ ಏನು ಹೇಳುತ್ತಾರೆ ಅನ್ನುವುದಕ್ಕಿಂತ ಎಲ್ಲಿ ನಿಲ್ಲುತ್ತಾರೆ ಅನ್ನುವುದನ್ನು ಗಮನಿಸಿ. ಒಳ್ಳೆಯ ಕೋಚ್ ಯಾವಾಗಲೂ ಗೋಡೆಗೆ ಬೆನ್ನು ಮಾಡಿ ನಿಲ್ಲುತ್ತಾರೆ, ಒಂದು ಮಗುವನ್ನು ಹಿಡಿದಿದ್ದರೂ ಉಳಿದವರೆಲ್ಲ ಕಣ್ಣಿಗೆ ಬೀಳುತ್ತಿರುತ್ತಾರೆ.

ಪ್ರಥಮ ಚಿಕಿತ್ಸೆಯ ತರಬೇತಿ ಬೇಕೇ ಬೇಕು. ಅದರಲ್ಲಿ ಸಿಪಿಆರ್, ಅಂದರೆ ಹೃದಯ ನಿಂತಾಗ ಎದೆ ಒತ್ತಿ ಉಸಿರು ಕೊಡುವುದು, ಇರಬೇಕು, ಅದೂ ಗೊಂಬೆಯ ಮೇಲೆ ಕೈಯಾರೆ ಒತ್ತಿ ಕಲಿಯುವಂಥದ್ದು. ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತುವುದು ಎಷ್ಟು ಸುಸ್ತಿನ ಕೆಲಸ ಅಂತ ಒತ್ತಿ ನೋಡಿದವರಿಗೇ ಗೊತ್ತು. ಕೋಚಿಂಗ್ ಕೋರ್ಸುಗಳನ್ನು ಹೆಚ್ಚಿನ ದೇಶಗಳಲ್ಲಿ ಅಲ್ಲಿನ ಫೆಡರೇಶನ್ನುಗಳು ನಡೆಸುತ್ತವೆ. ಅಂತರರಾಷ್ಟ್ರೀಯ ಫೆಡರೇಶನ್ ಆದ ಎಫ್‌ಐಜಿಯ ಅಕಾಡೆಮಿಯಲ್ಲಿ ಮೂರು ಹಂತಗಳಿವೆ, ಆದರೆ ಅದು ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಕೋಚ್‌ಗಳಿಗೆ. ಶಿಬಿರಕ್ಕೆ ಫೆಡರೇಶನ್ನಿನ ಮೊದಲ ಹಂತದ ಕೋರ್ಸು ಇದ್ದರೆ ಸಾಕು, ಇಲ್ಲದಿದ್ದರೆ ಅನುಭವಿ ಕೋಚ್ ಕೈಕೆಳಗೆ ಸಹಾಯಕರಾಗಿ ಶುರು ಮಾಡಿ. ಒಬ್ಬರೇ ಗುಂಪು ನೋಡಿಕೊಳ್ಳುತ್ತೇನೆ ಅಂತ ಒಪ್ಪಿಕೊಳ್ಳಬೇಡಿ.

ಒಪ್ಪಿಕೊಳ್ಳುವ ಮೊದಲು ಕೇಳಿ

ಸಂದರ್ಶನದಲ್ಲಿ ಅವರು ನಿಮ್ಮನ್ನು ಕೇಳಿದಷ್ಟೇ ನೀವೂ ಅವರನ್ನು ಕೇಳಬೇಕು. ಒಬ್ಬ ಕೋಚ್‌ಗೆ ಎಷ್ಟು ಮಕ್ಕಳು? ವಯಸ್ಸು ಎಷ್ಟು? ದಿನಕ್ಕೆ ಎಷ್ಟು ಗಂಟೆ ಹಾಲ್‌ನಲ್ಲಿ, ಎಷ್ಟು ಗಂಟೆ ಬೇರೆ ಕೆಲಸ? ರಾತ್ರಿ ಉಳಿಯುವ ಶಿಬಿರವಾದರೆ ಮಕ್ಕಳ ಕೋಣೆಯ ಜವಾಬ್ದಾರಿ ಯಾರದು? ಪೆಟ್ಟಾದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ವಿಮೆ ಇದೆಯಾ, ಅದರಲ್ಲಿ ಕೋಚ್ ಕೂಡ ಸೇರಿದ್ದಾರಾ?

ಅಂದಾಜಿಗೆ ಹೇಳುವುದಾದರೆ, ಹೊಸ ಕೋಚ್‌ಗೆ ಎಂಟು ಮಕ್ಕಳಿಗಿಂತ ಜಾಸ್ತಿ ಕೊಡಬಾರದು. ಐದಾರು ವರ್ಷದವರಾದರೆ ಆರೇ ಸಾಕು. ನನಗೆ ಒಂದು ಕಡೆ ಹದಿನೈದು ಮಕ್ಕಳನ್ನು ಕೊಟ್ಟಿದ್ದರು. ಕಲಿಸಲು ಆಗಲೇ ಇಲ್ಲ, ಇಡೀ ದಿನ ಎಣಿಸುವುದೇ ಕೆಲಸವಾಗಿತ್ತು. ನಿಮ್ಮ ಬಗ್ಗೆ ಪೊಲೀಸ್ ಪರಿಶೀಲನೆ ಅಥವಾ ಹಿಂದಿನ ಕೆಲಸದ ವಿಚಾರಣೆ ಏನೂ ಮಾಡದೆ ನಾಳೆಯಿಂದಲೇ ಬನ್ನಿ ಅಂದರೆ, ಆ ಶಿಬಿರದ ಬಗ್ಗೆ ನೀವು ಎರಡು ಸಲ ಯೋಚಿಸಬೇಕು. ನಿಮ್ಮನ್ನು ವಿಚಾರಿಸದವರು ಬೇರೆ ಯಾರನ್ನೂ ವಿಚಾರಿಸಿರುವುದಿಲ್ಲ.

ಮಕ್ಕಳು ಬರುವ ಮುಂಚೆ ಹಾಲ್ ಸುತ್ತಿ ಬನ್ನಿ

ಇದನ್ನು ಪ್ರತಿದಿನ ಬೆಳಿಗ್ಗೆ ಮಾಡಬೇಕು, ಹತ್ತು ನಿಮಿಷ ಸಾಕು. ಕಣ್ಣಲ್ಲಿ ನೋಡಿದರೆ ಆಗಲ್ಲ, ಕೈ ಕಾಲು ಬಳಸಿ. ಮ್ಯಾಟ್‌ಗಳ ನಡುವೆ ಸಂದಿ ಇದೆಯಾ ಅಂತ ಬರಿಗಾಲಲ್ಲಿ ನಡೆದು ನೋಡಿ. ಎರಡು ಬೆರಳಿನಷ್ಟು ಸಂದಿ ಇದ್ದರೂ ಓಡಿ ಬರುವ ಮಗುವಿನ ಪಾದ ಅದರೊಳಗೆ ತಿರುಚಿಕೊಳ್ಳುತ್ತದೆ. ಬಾರ್ ಹಿಡಿದು ನಿಮ್ಮ ತೂಕ ಹಾಕಿ ಅಲ್ಲಾಡಿಸಿ, ಬೋಲ್ಟ್‌ಗಳನ್ನು ಕೈಯಲ್ಲಿ ತಿರುಗಿಸಿ ನೋಡಿ. ಬೀಮ್ ಕಾಲುಗಳು ಅಲುಗುತ್ತವಾ? ಟ್ರ್ಯಾಂಪೊಲಿನ್ ಸ್ಪ್ರಿಂಗ್‌ಗಳ ಮೇಲಿನ ಪ್ಯಾಡ್ ಸರಿಯಾಗಿ ಕೂತಿದೆಯಾ? ಫೋಮ್ ಪಿಟ್ (ಹಾರಿ ಬೀಳಲು ಫೋಮ್ ತುಂಬಿದ ಹೊಂಡ) ಇದ್ದರೆ ಒಳಗಿಳಿದು ಫೋಮ್ ತುಂಡುಗಳನ್ನು ಮೇಲೆ ಕೆಳಗೆ ಮಾಡಿ. ಎಲ್ಲರೂ ಒಂದೇ ಜಾಗದಲ್ಲಿ ಹಾರಿ ಹಾರಿ ಅಲ್ಲಿ ಗುಂಡಿ ಬಿದ್ದು ನೆಲ ಹತ್ತಿರವಾಗಿರುತ್ತದೆ.

ಸ್ಪರ್ಧೆಯ ಬೀಮ್ 10 ಸೆಂಟಿಮೀಟರ್ ಅಗಲ, 5 ಮೀಟರ್ ಉದ್ದ, 1.25 ಮೀಟರ್ ಎತ್ತರ ಇರುತ್ತದೆ. ಅದು ಹಾಲ್‌ನಲ್ಲಿ ಇದೆ ಅಂದ ಮಾತ್ರಕ್ಕೆ ಶಿಬಿರದ ಮಕ್ಕಳನ್ನು ಅದರ ಮೇಲೆ ಹತ್ತಿಸಬೇಕಿಲ್ಲ. ನೆಲದ ಮೇಲೆ ಟೇಪ್ ಅಂಟಿಸಿ, ಅದೇ 10 ಸೆಂಟಿಮೀಟರ್ ಅಗಲಕ್ಕೆ. ಅದರ ಮೇಲೆ ಹಿಂದಕ್ಕೆ ನಡೆಯಲು, ಒಂದು ಕಾಲಲ್ಲಿ ನಿಲ್ಲಲು, ತಿರುಗಲು ಬಂದರೆ ನೆಲಕ್ಕೆ ಅಂಟಿಕೊಂಡ ಬೀಮ್, ಆಮೇಲೆ ಮೊಣಕಾಲೆತ್ತರದ್ದು. ಎರಡು ವಾರದ ಶಿಬಿರದಲ್ಲಿ ಎತ್ತರದ ಬೀಮ್‌ವರೆಗೆ ಹೋಗದ ಮಕ್ಕಳೇ ಜಾಸ್ತಿ. ಅದರಿಂದ ಯಾವ ಮಗುವಿಗೂ ನಷ್ಟ ಆಗಿದ್ದನ್ನು ನಾನು ನೋಡಿಲ್ಲ.

ಮೊದಲ ದಿನದ ಮೊದಲ ಗಂಟೆ

ಮೊದಲು ಹೆಸರು. ಊಟದ ಹೊತ್ತಿಗೆ ಎಲ್ಲರ ಹೆಸರೂ ನಿಮಗೆ ಬರಬೇಕು, ಯಾಕೆಂದರೆ ಅಪಾಯದ ಕ್ಷಣದಲ್ಲಿ "ಏ ನೀನು" ಅಂದರೆ ಯಾರೂ ನಿಲ್ಲುವುದಿಲ್ಲ. ಹೆಸರು ಕೂಗಿದರೆ ಮಗು ನಿಲ್ಲುತ್ತದೆ. ಮಗುವಿನ ಆರೋಗ್ಯದ ಫಾರ್ಮ್‌ಗಳನ್ನು ಹಿಂದಿನ ರಾತ್ರಿಯೇ ಓದಿರಬೇಕು. ಆಸ್ತಮಾ ಯಾರಿಗಿದೆ, ಅಲರ್ಜಿ ಯಾರಿಗಿದೆ, ಇನ್‌ಹೇಲರ್ ಎಲ್ಲಿದೆ, ಹಳೆಯ ಮುರಿತ ಯಾವ ಕೈಗೆ, ಇವು ನಿಮ್ಮ ಜೇಬಿನಲ್ಲಿರುವ ಚಿಕ್ಕ ಚೀಟಿಯಲ್ಲಿ ಇರಲಿ.

ಆಮೇಲೆ ಬಟ್ಟೆ, ಕೂದಲು. ಸಾಕ್ಸ್ ಹಾಕಿ ಬೀಮ್ ಹತ್ತಬಾರದು, ಜಾರುತ್ತದೆ. ಬರಿಗಾಲೇ ಒಳ್ಳೆಯದು. ಬಳೆ, ಸರ, ಓಲೆ, ವಾಚ್ ಎಲ್ಲ ತೆಗೆಸಿ ಒಂದು ಡಬ್ಬಿಯಲ್ಲಿ ಹೆಸರು ಬರೆದು ಇಡಿ. ಕೂದಲನ್ನು ತಲೆಯ ಹಿಂದೆ ಗಂಟು ಕಟ್ಟಿಕೊಂಡು ಬಂದ ಮಗು ಉರುಳುವಾಗ ಆ ಗಂಟು ನೆಲಕ್ಕೆ ಒತ್ತಿ ನೋಯುತ್ತದೆ, ಮಗು ತಲೆ ಬೇರೆ ಕಡೆ ತಿರುಗಿಸುತ್ತದೆ, ಕುತ್ತಿಗೆ ಉಳುಕುತ್ತದೆ. ಎರಡು ಜಡೆ ಹಾಕಿಕೊಂಡು ಬರಲು ಹೇಳಿ. ಬಾಯಲ್ಲಿ ಚೂಯಿಂಗ್ ಗಮ್, ಮಿಠಾಯಿ ಏನೂ ಬೇಡ.

ಗುಂಪು ಮಾಡುವಾಗ ಯಾರಿಗೆ ಏನು ಬರುತ್ತದೆ ಅಂತ ಮಕ್ಕಳನ್ನೇ ಕೇಳಬೇಡಿ. "ನನಗೆ ಬ್ಯಾಕ್‌ಫ್ಲಿಪ್ ಬರುತ್ತೆ" ಅನ್ನುವವರು ಪ್ರತಿ ಶಿಬಿರದಲ್ಲೂ ಮೂವರಾದರೂ ಇರುತ್ತಾರೆ, ಅವರು ಮಾಡಿರುವುದು ಹಾಸಿಗೆಯ ಮೇಲೆ. ಒಂದು ಆಟ ಆಡಿಸಿ. ಓಡಿ ನಿಲ್ಲುವುದು, ಕಪ್ಪೆಯ ಹಾಗೆ ಹಾರುವುದು, ಕರಡಿಯ ಹಾಗೆ ಕೈ ಕಾಲಲ್ಲಿ ನಡೆಯುವುದು, ಬೆನ್ನ ಮೇಲೆ ದೋಣಿಯ ಹಾಗೆ ತೂಗುವುದು. ಕೈ ಮೇಲೆ ತೂಕ ಹಾಕಲು ಯಾರು ಹೆದರುತ್ತಾರೆ, ಯಾರಿಗೆ ಕುತ್ತಿಗೆ ಮಡಚಲು ಬರುವುದಿಲ್ಲ, ಯಾರು ಹೇಳಿದ ಮಾತು ಕೇಳದೆ ಮುಂದೆ ಓಡುತ್ತಾರೆ, ಎಲ್ಲವೂ ಹದಿನೈದು ನಿಮಿಷದಲ್ಲಿ ಕಾಣುತ್ತದೆ.

ಬೀಳುವ ಪಾಠ

ಇದೇ ಮೊದಲ ಪಾಠ. ಬೀಮ್, ಬಾರ್, ಟ್ರ್ಯಾಂಪೊಲಿನ್ ಯಾವುದರ ಹತ್ತಿರವೂ ಹೋಗುವ ಮೊದಲು.

ಮಗು ಹಿಂದಕ್ಕೆ ಬೀಳುವಾಗ ತಾನಾಗೇ ಕೈಯನ್ನು ಹಿಂದೆ ಚಾಚುತ್ತದೆ. ಬೆರಳು ಹಿಂದಕ್ಕೆ, ಮೊಣಕೈ ನೆಟ್ಟಗೆ. ಆಗ ಇಡೀ ಮೈಯ ತೂಕ ಆ ಒಂದು ಕೈ ಮೇಲೆ ಬೀಳುತ್ತದೆ. ಮಣಿಕಟ್ಟು ಅಥವಾ ಮೊಣಕೈ ಮುರಿಯುವುದು ಹೀಗೆ. ಇದನ್ನು ಬಾಯಲ್ಲಿ ಹೇಳಿದರೆ ಉಪಯೋಗವಿಲ್ಲ, ಬೀಳುವಾಗ ಯಾರೂ ಯೋಚಿಸುವುದಿಲ್ಲ. ಮೈಗೆ ರೂಢಿ ಆಗಬೇಕು.

ನಾನು ಮಾಡಿಸುವುದು ಹೀಗೆ. ಮೊದಲು ಮಕ್ಕಳು ಮ್ಯಾಟ್ ಮೇಲೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ಎರಡೂ ಕೈಯನ್ನು ಎದೆ ಮೇಲೆ ಕಟ್ಟಿಕೊಂಡು, ಗದ್ದವನ್ನು ಎದೆಗೆ ಒತ್ತಿ, ಬೆನ್ನನ್ನು ಗುಂಡಗೆ ಮಾಡಿ ಹಿಂದಕ್ಕೆ ಉರುಳಿ, ತೂಗಿ ಮತ್ತೆ ಎದ್ದು ಕೂರಬೇಕು. ಹತ್ತು ಸಲ. ಆಮೇಲೆ ನಿಂತಲ್ಲಿಂದ ಅದೇ, ಮೊದಲು ಮೊಣಕಾಲು ಮಡಚಿ ಕೆಳಗಿಳಿದು, ಆಮೇಲೆ ಕುಂಡೆ, ಆಮೇಲೆ ಬೆನ್ನು. ಮೂರನೆಯದಾಗಿ ಒಂದು ಅಡಿ ಎತ್ತರದ ಬ್ಲಾಕ್ ಮೇಲಿಂದ ಹಿಂದಕ್ಕೆ ಹೆಜ್ಜೆ ಇಟ್ಟು ಇಳಿದು ಉರುಳುವುದು. ಇದನ್ನು ಆಟ ಮಾಡಿಬಿಡಿ. ಎಲ್ಲರೂ ಓಡುತ್ತಿರುವಾಗ ನಾನು "ಬಿದ್ದೆ!" ಅಂತ ಕೂಗಿದರೆ ಎಲ್ಲರೂ ಸರಿಯಾಗಿ ಬೀಳಬೇಕು, ಕೈ ಹಿಂದೆ ಊರಿದವರು ಐದು ಕಪ್ಪೆ ಹಾರಿಕೆ ಹಾಕಿ ಮತ್ತೆ ಸೇರಿಕೊಳ್ಳಬೇಕು. ಮಕ್ಕಳಿಗೆ ಈ ಆಟ ಎಷ್ಟು ಇಷ್ಟ ಅಂದರೆ ಎರಡನೇ ವಾರದಲ್ಲೂ ಕೇಳಿ ಆಡುತ್ತಾರೆ.

ಅದರ ಜೊತೆಗೇ ಇಳಿಯುವುದು, ಅಂದರೆ ಲ್ಯಾಂಡಿಂಗ್. ಎರಡೂ ಪಾದ ಸೊಂಟದಷ್ಟು ಅಗಲ, ಮೊಣಕಾಲು ಮಡಚಿ, ಕೈ ಮುಂದೆ, ಕುರ್ಚಿಯಲ್ಲಿ ಅರ್ಧ ಕೂತ ಹಾಗೆ. ಮೊಣಕಾಲುಗಳು ಒಳಗೆ ಬಾಗಿ ಒಂದಕ್ಕೊಂದು ತಾಗುತ್ತಿದ್ದರೆ ಅಲ್ಲೇ ನಿಲ್ಲಿಸಿ ಸರಿಮಾಡಿ. ಇಳಿದು ಮೂರು ಎಣಿಸುವವರೆಗೆ ಅಲ್ಲಾಡಬಾರದು. ನಾನು ಪ್ರತಿದಿನ ಇದಕ್ಕೆ ಹತ್ತು ನಿಮಿಷ ಕೊಡುತ್ತೇನೆ, ಕೊನೆಯ ದಿನದವರೆಗೂ. ಬೇರೆ ಏನು ಬಿಟ್ಟರೂ ಇದನ್ನು ಬಿಡುವುದಿಲ್ಲ.

ಒಂದೂವರೆ ಗಂಟೆಯ ಕ್ಲಾಸು ಹೇಗಿರಲಿ

ಮೊದಲ ಐದು ನಿಮಿಷ ಸೇರಿ ಕೂತು ಇವತ್ತು ಏನು ಅಂತ ಹೇಳಿ. ಹದಿನೈದು ನಿಮಿಷ ವಾರ್ಮಪ್, ಓಟ ಮತ್ತು ಪ್ರಾಣಿಗಳ ನಡಿಗೆ, ಮಣಿಕಟ್ಟು ಮತ್ತು ಪಾದದ ಕೀಲು ತಿರುಗಿಸುವುದು. ಮುಂದಿನ ಹತ್ತು ನಿಮಿಷ ಮೈಯ ಆಕಾರಗಳು: ಟಕ್ (ಮೊಣಕಾಲು ಎದೆಗೆ), ಪೈಕ್ (ನೆಟ್ಟಗಿನ ಕಾಲು, ಸೊಂಟದಲ್ಲಿ ಮಡಚಿದ ಮೈ), ಸ್ಟ್ರ್ಯಾಡಲ್ (ಅಗಲಿಸಿದ ಕಾಲು), ಹಾಲೋ, ಆರ್ಚ್ (ಹಿಂದಕ್ಕೆ ಬಾಗಿದ ಬೆನ್ನು). ಬೆನ್ನ ಮೇಲೆ ಮಲಗಿ ಸೊಂಟವನ್ನು ನೆಲಕ್ಕೆ ಒತ್ತಿ ಕೈಕಾಲು ಎತ್ತಿ ಹಿಡಿಯುವ ಹಾಲೋ ಹೋಲ್ಡ್ ನೋಡಲು ಸಪ್ಪೆ. ಆದರೆ ಹ್ಯಾಂಡ್‌ಸ್ಟ್ಯಾಂಡ್‌ನಿಂದ ಹಿಡಿದು ಬಾರ್ ಮೇಲಿನ ತೂಗಾಟದವರೆಗೆ ಎಲ್ಲದರ ಒಳಗೂ ಅದೇ ಆಕಾರ ಇದೆ. ಆಮೇಲೆ ಮೂರು ಜಾಗಗಳಲ್ಲಿ ಹದಿನೈದು ಹದಿನೈದು ನಿಮಿಷ. ಕೊನೆಗೆ ಹತ್ತು ನಿಮಿಷ ಶಕ್ತಿಯ ಆಟ, ಐದು ನಿಮಿಷ ನಿಧಾನವಾಗಿ ಮೈ ಎಳೆಯುವುದು. ಸ್ಪ್ಲಿಟ್ಸ್, ಅಂದರೆ ಕಾಲು ಪೂರ್ತಿ ಅಗಲಿಸಿ ಕೂರುವುದೆಲ್ಲ, ಕೊನೆಗೇ ಇರಲಿ, ಮೈ ಬಿಸಿಯಾದ ಮೇಲೆ. ಮಗುವಿನ ಭುಜ ಒತ್ತಿ ಕೆಳಗೆ ಕೂರಿಸುವ ಹಳೆಯ ಪದ್ಧತಿ ಇನ್ನೂ ಕೆಲವರಲ್ಲಿದೆ. ದಯವಿಟ್ಟು ಅದನ್ನು ಮಾಡಬೇಡಿ.

ಸಾಲು ಶಿಬಿರದ ದೊಡ್ಡ ಶತ್ರು. ಎಂಟು ಮಕ್ಕಳು ಒಂದು ಬೀಮ್ ಹಿಂದೆ ಸಾಲಾಗಿ ನಿಂತರೆ ಏಳು ಮಕ್ಕಳಿಗೆ ಕೆಲಸವಿಲ್ಲ. ಕೆಲಸವಿಲ್ಲದ ಮಗು ತಳ್ಳುತ್ತದೆ, ಓಡುತ್ತದೆ, ಪಕ್ಕದ ಟ್ರ್ಯಾಂಪೊಲಿನ್ ಹತ್ತುತ್ತದೆ. ಅದಕ್ಕೇ ಪ್ರತಿ ಜಾಗದಲ್ಲೂ ನಾಲ್ಕೈದು ಚಿಕ್ಕ ಚಿಕ್ಕ ಕೆಲಸಗಳನ್ನು ಸುತ್ತಾಗಿ ಜೋಡಿಸಿ. ಹಿಡಿಯಬೇಕಾದ ಕೆಲಸ ಅದರಲ್ಲಿ ಒಂದೇ ಇರಲಿ, ಅಲ್ಲಿ ನೀವು ನಿಲ್ಲಿ. ಉಳಿದವು ನೀವು ನೋಡದಿದ್ದರೂ ಪೆಟ್ಟಾಗದಂಥವು: ಟೇಪ್ ಮೇಲೆ ನಡಿಗೆ, ಗೋಡೆಗೆ ಕಾಲು ಹಚ್ಚಿ ನಿಲ್ಲುವುದು, ಬ್ಲಾಕ್ ಮೇಲಿಂದ ಹಾರಿ ಸರಿಯಾಗಿ ಇಳಿಯುವುದು.

ಟ್ರ್ಯಾಂಪೊಲಿನ್‌ಗೆ ನಿಯಮ ಎರಡೇ, ಮತ್ತು ಯಾರಿಗೂ ರಿಯಾಯಿತಿ ಇಲ್ಲ. ಒಂದು ಸಲಕ್ಕೆ ಒಬ್ಬರೇ. ಅದರ ಮೇಲಿಂದ ನೆಲಕ್ಕೆ ಹಾರುವಂತಿಲ್ಲ, ಕೂತು ಇಳಿಯಬೇಕು. ಮೊದಲು ಕಲಿಸಬೇಕಾದದ್ದು ಹಾರುವುದಲ್ಲ, ನಿಲ್ಲುವುದು. "ನಿಲ್ಲು" ಅಂದ ತಕ್ಷಣ ಮೊಣಕಾಲು ಮಡಚಿ ಪುಟಿಯುವುದನ್ನು ಅಲ್ಲೇ ನಿಲ್ಲಿಸಲು ಬರಬೇಕು. ಫೋಮ್ ಪಿಟ್‌ಗೆ ತಲೆ ಮುಂದು ಮಾಡಿ ಯಾರೂ ಹಾರಬಾರದು, ಮುಂಚೆ ಹಾರಿದವರು ಹೊರಗೆ ಬರುವವರೆಗೆ ಮುಂದಿನವರು ಕಾಯಬೇಕು. ಪಿಟ್ ಬಿಟ್ಟು ಹೊರಡುವಾಗ ತಲೆ ಎಣಿಸಿ. ಮಕ್ಕಳು ಫೋಮ್ ಕೆಳಗೆ ಅಡಗಿಕೊಳ್ಳುತ್ತಾರೆ, ಅದು ಅವರಿಗೆ ಕಣ್ಣಾಮುಚ್ಚಾಲೆ. ಮೇಲಿಂದ ಇನ್ನೊಬ್ಬರು ಹಾರಿದರೆ ಏನಾಗುತ್ತದೆ ಅಂತ ಅವರಿಗೆ ಹೊಳೆಯುವುದಿಲ್ಲ.

ಎರಡು, ಮೂರನೇ ದಿನದ ಬಗ್ಗೆ ಒಂದು ಮಾತು. ವರ್ಷವೆಲ್ಲ ಕೂತೇ ಇದ್ದ ಮಗು ಒಮ್ಮೆಗೇ ದಿನಕ್ಕೆ ನಾಲ್ಕು ಗಂಟೆ ಹಾರಾಡಿರುತ್ತದೆ. ಮೈಕೈ ನೋವು ಜೋರಾಗುವುದು ಆಗಲೇ. ಸುಸ್ತಾದ ಕಾಲು ಸರಿಯಾಗಿ ಇಳಿಯುವುದಿಲ್ಲ. ಅವತ್ತು ಹಾರುವ ಕೆಲಸ ಅರ್ಧ ಮಾಡಿ, ಬ್ಯಾಲೆನ್ಸ್ ಮತ್ತು ಆಕಾರಗಳನ್ನು ಜಾಸ್ತಿ ಇಡಿ. ನೀರಿಗೆ ಬಿಡುವು ಕೊಡುವುದನ್ನು ಮಕ್ಕಳು ಕೇಳುವವರೆಗೆ ಕಾಯಬೇಡಿ, ಇಪ್ಪತ್ತು ನಿಮಿಷಕ್ಕೊಮ್ಮೆ ನೀವೇ ಕಳಿಸಿ.

ಹಿಡಿಯುವ ಕೈ

ಸ್ಪಾಟಿಂಗ್ ಅಂದರೆ ಮಗುವಿನ ಬದಲು ನೀವು ಮಾಡಿಕೊಡುವುದಲ್ಲ. ತಪ್ಪಿದರೆ ತಲೆ ಮತ್ತು ಕುತ್ತಿಗೆಗೆ ಪೆಟ್ಟಾಗದ ಹಾಗೆ ನೋಡಿಕೊಳ್ಳುವುದು, ಸರಿ ದಾರಿಯಲ್ಲಿ ಒಂದಿಷ್ಟು ಒತ್ತು ಕೊಡುವುದು. ಉಗುರು ಕತ್ತರಿಸಿರಬೇಕು, ಉಂಗುರ ವಾಚ್ ಇರಬಾರದು. ಹತ್ತಿರ ನಿಲ್ಲಿ. ಹೊಸಬರು ಮಾಡುವ ತಪ್ಪು ದೂರ ನಿಂತು ಕೈ ಚಾಚುವುದು, ಹಾಗೆ ಚಾಚಿದ ಕೈಗೆ ಬಲವೇ ಇರುವುದಿಲ್ಲ, ನಿಮ್ಮ ಬೆನ್ನೂ ಹೋಗುತ್ತದೆ. ಮೊಣಕಾಲು ಮಡಚಿ, ಕಾಲಿನ ಬಲದಲ್ಲಿ ಎತ್ತಿ.

ಮುಂದಕ್ಕೆ ಉರುಳುವಾಗ ಮಗುವಿನ ಪಕ್ಕ ಮೊಣಕಾಲೂರಿ ಕೂರಿ. ಒಂದು ಕೈ ತಲೆಯ ಹಿಂಭಾಗದಲ್ಲಿ, ಗದ್ದ ಎದೆಗೆ ಸೇರುವ ಹಾಗೆ. ಇನ್ನೊಂದು ತೊಡೆಯ ಹಿಂದೆ. ನೆತ್ತಿ ನೆಲಕ್ಕೆ ತಾಗಬಾರದು, ಮೇಲ್ಬೆನ್ನೇ ಮೊದಲು ತಾಗಬೇಕು. ಇಳಿಜಾರಿನ ಮ್ಯಾಟ್ ಇದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ.

ಹಿಂದಕ್ಕೆ ಉರುಳುವುದು ಇದಕ್ಕಿಂತ ಸೂಕ್ಷ್ಮ. ಮಗುವಿನ ಕೈ ಕಿವಿಯ ಪಕ್ಕ ನೆಲ ಒತ್ತದಿದ್ದರೆ ಇಡೀ ತೂಕ ಕುತ್ತಿಗೆಯ ಮೇಲೆ ಬೀಳುತ್ತದೆ. ನೀವು ಸೊಂಟದ ಎರಡೂ ಕಡೆ ಹಿಡಿದು ಮೇಲಕ್ಕೆ ಎತ್ತಬೇಕು. ಹಿಂದಕ್ಕೆ ತಳ್ಳಬಾರದು. ಈ ವ್ಯತ್ಯಾಸ ಕೈಗೆ ಗೊತ್ತಾಗುವವರೆಗೆ ದೊಡ್ಡವರ ಮೇಲೆ, ಜೊತೆಯ ಕೋಚ್‌ಗಳ ಮೇಲೆ ಅಭ್ಯಾಸ ಮಾಡಿ.

ಕಾರ್ಟ್‌ವೀಲ್‌ನಲ್ಲಿ ಮಗುವಿನ ಬೆನ್ನ ಕಡೆ ನಿಲ್ಲಿ, ಎದೆಯ ಕಡೆ ನಿಂತರೆ ಕಾಲು ನಿಮ್ಮ ಮುಖಕ್ಕೆ ಬರುತ್ತದೆ. ಸೊಂಟ ಹಿಡಿಯುವಾಗ ನಿಮ್ಮ ಕೈಗಳನ್ನು ಮೊದಲೇ ಅಡ್ಡಡ್ಡ ಮಾಡಿಕೊಂಡರೆ ಮಗು ತಿರುಗಿದಾಗ ಅವು ಬಿಡಿಸಿಕೊಳ್ಳುತ್ತವೆ. ಹ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಪಕ್ಕಕ್ಕೆ ನಿಂತು ಮೇಲೆ ಬರುವ ಕಾಲಿನ ತೊಡೆ ಹಿಡಿಯಿರಿ. ಆದರೆ ಅದಕ್ಕೂ ಮೊದಲು ಅದರಿಂದ ಹೊರಬರುವುದನ್ನು ಕಲಿಸಿ, ಮೇಲೆ ಹೋದ ಮೇಲೆ ಬ್ಯಾಲೆನ್ಸ್ ತಪ್ಪಿದರೆ ಒಂದು ಕೈ ತಿರುಗಿಸಿ ಪಕ್ಕಕ್ಕೆ ಇಳಿಯುವುದು. ಇಳಿಯುವ ದಾರಿ ಗೊತ್ತಿಲ್ಲದ ಮಗು ಮೇಲೆ ಹೋಗಲು ಹೆದರುತ್ತದೆ, ಹೆದರಿದ ಮಗು ಕೈ ಮಡಚುತ್ತದೆ. ಬಾರ್ ಹತ್ತಿರ ನಿಮ್ಮ ತೋಳು ಯಾವತ್ತೂ ಬಾರ್‌ಗೂ ಮಗುವಿನ ಮೈಗೂ ನಡುವೆ ಸಿಕ್ಕಿಕೊಳ್ಳಬಾರದು, ಕೆಳಗಿನಿಂದ ಕೈ ಕೊಡಿ.

ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ (ಹಿಂದಕ್ಕೆ ಹಾರಿ ಕೈ ಊರಿ ಮತ್ತೆ ಕಾಲ ಮೇಲೆ ಬರುವುದು) ಕಲಿಸಿ ಅಂತ ಮಕ್ಕಳು ಗೋಗರೆಯುತ್ತಾರೆ. ಹೊಸ ಮಗುವಿಗೆ ಬೇಡ. ಗಟ್ಟಿಯಾದ ಹ್ಯಾಂಡ್‌ಸ್ಟ್ಯಾಂಡ್, ನೆಟ್ಟಗಿನ ತೋಳಿನ ಬ್ರಿಡ್ಜ್, ತೂಕ ತಡೆಯುವ ಭುಜ, ಇವು ಎರಡು ವಾರದಲ್ಲಿ ಬರುವುದಿಲ್ಲ. ನೀವು ಹಿಡಿದು ತಿರುಗಿಸಿದರೆ ಮಗು ತನಗೇ ಬಂತು ಅಂದುಕೊಂಡು ಮನೆಯಲ್ಲಿ ಒಬ್ಬನೇ ಪ್ರಯತ್ನಿಸುತ್ತದೆ. ಅಲ್ಲಿ ಹಿಡಿಯಲು ನೀವಿರುವುದಿಲ್ಲ.

ಮುಟ್ಟುವ ಮೊದಲು ಹೇಳಿ

ಈ ಕೆಲಸದಲ್ಲಿ ಮಕ್ಕಳನ್ನು ಮುಟ್ಟಲೇಬೇಕು. ಅದಕ್ಕೇ ಇಲ್ಲಿ ನಿಯಮ ಬೇರೆ ಆಟಗಳಿಗಿಂತ ಬಿಗಿಯಾಗಿರಬೇಕು. ಅಮೆರಿಕದ ರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ತಂಡದ ಜೊತೆ ವರ್ಷಗಟ್ಟಲೆ ಇದ್ದ ವೈದ್ಯನೊಬ್ಬನಿಗೆ 2018ರಲ್ಲಿ ಶಿಕ್ಷೆ ಆದಾಗ 150ಕ್ಕೂ ಹೆಚ್ಚು ಮಂದಿ ಕೋರ್ಟಿನಲ್ಲಿ ನಿಂತು ತಮಗಾದದ್ದನ್ನು ಹೇಳಿದರು. ಬ್ರಿಟನ್ನಿನಲ್ಲಿ 2022ರಲ್ಲಿ ಬಂದ, ಆನ್ ವೈಟ್ ನಡೆಸಿದ ಸ್ವತಂತ್ರ ತನಿಖೆಯ ವರದಿ ಅಲ್ಲಿನ ಜಿಮ್ನಾಸ್ಟಿಕ್ಸ್‌ನಲ್ಲಿ ಮಕ್ಕಳ ಮೇಲೆ ಆದ ದೈಹಿಕ, ಮಾನಸಿಕ ಹಿಂಸೆಯನ್ನು ಬಿಡಿಸಿಟ್ಟಿತು. ಇವು ಎಲ್ಲೋ ದೂರದ ಕಥೆ ಅಂತ ಯಾವ ಕೋಚೂ ಅಂದುಕೊಳ್ಳಬಾರದು.

"ಈಗ ನಿನ್ನ ಬೆನ್ನಿಗೆ ಒಂದು ಕೈ, ತೊಡೆಗೆ ಒಂದು ಕೈ ಕೊಡುತ್ತೇನೆ, ಆಗಬಹುದಾ?" ಅಂತ ಮೊದಲೇ ಕೇಳಿ. ಬೇಡ ಅಂದರೆ ಬೇಡ, ಹಿಡಿಯದೆ ಮಾಡಬಹುದಾದ ಕೆಲಸ ಕೊಡಿ. ಒಂದು ಮಗುವಿನ ಜೊತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬೇಡಿ, ಇನ್ನೊಬ್ಬ ದೊಡ್ಡವರು ಕಾಣುವಷ್ಟು ದೂರದಲ್ಲಿರಲಿ. ಹಿಡಿಯುವಾಗ ಕೈ ತಪ್ಪಿ ಬೇರೆಲ್ಲೋ ತಾಗಿದರೆ ಅಲ್ಲೇ "ಸಾರಿ, ಕೈ ಜಾರಿತು" ಅಂತ ಎಲ್ಲರೆದುರು ಹೇಳಿ, ಮುಖ್ಯ ಕೋಚ್‌ಗೂ ತಿಳಿಸಿ. ಮಕ್ಕಳ ಜೊತೆ ಖಾಸಗಿ ಮೆಸೇಜ್ ಬೇಡ. ಮೈತೂಕದ ಬಗ್ಗೆ, ದಪ್ಪ ಸಣ್ಣದ ಬಗ್ಗೆ ಒಂದು ಮಾತೂ ಆಡಬೇಡಿ, ತಮಾಷೆಗೂ ಬೇಡ. ಹತ್ತು ವರ್ಷದಲ್ಲಿ ಕೇಳಿದ ಆ ಮಾತು ಮೂವತ್ತರಲ್ಲೂ ಮರೆಯುವುದಿಲ್ಲ. ಇನ್ನೊಬ್ಬ ಕೋಚ್ ನಡವಳಿಕೆ ಸರಿಯಿಲ್ಲ ಅನಿಸಿದರೆ ಸಾಕ್ಷಿ ಸಿಗಲಿ ಅಂತ ಕಾಯಬೇಡಿ. ಅವತ್ತೇ ಹೇಳಿ.

ಹೆದರಿದ ಮಗುವಿನ ಹತ್ತಿರ

ಹೆದರಿಕೆ ಹಟ ಅಲ್ಲ. ನಿನ್ನೆ ಮಾಡಿದ್ದನ್ನು ಇವತ್ತು ಮಾಡಲ್ಲ ಅನ್ನುವ ಮಗುವನ್ನು ನೋಡಿ ಹೊಸ ಕೋಚ್‌ಗಳಿಗೆ ಸಿಟ್ಟು ಬರುತ್ತದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಒಂದು ವಾಲ್ಟ್ (ಓಡಿ ಬಂದು ಮೇಜಿನಂಥ ಸಲಕರಣೆಗೆ ಕೈ ಊರಿ ಹಾರುವುದು) ಹಾರಿದ ಮೇಲೆ ತಂಡದ ಫೈನಲ್‌ನಿಂದ ಹಿಂದೆ ಸರಿದರು. ಗಾಳಿಯಲ್ಲಿ ತಾನು ಎಲ್ಲಿದ್ದೇನೆ ಅನ್ನುವ ಅರಿವೇ ತಪ್ಪಿಹೋಗಿತ್ತು, ಜಿಮ್ನಾಸ್ಟ್‌ಗಳು ಅದನ್ನು ಟ್ವಿಸ್ಟೀಸ್ ಅನ್ನುತ್ತಾರೆ. ಅವರೇ 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಚಿನ್ನ ಗೆದ್ದರು. ಅಂಥವರಿಗೇ ಮೈ ಬೇಡ ಅನ್ನುವ ದಿನ ಬರುತ್ತದೆ ಅಂದರೆ ಏಳು ವರ್ಷದ ಮಗುವಿಗೆ ಬರಬಾರದಾ?

ಮಾಡಬೇಕಾದದ್ದು ಒಂದು ಮೆಟ್ಟಿಲು ಕೆಳಗಿಳಿಯುವುದು. ಬೀಮ್ ಮೇಲೆ ಹೆದರಿದರೆ ಟೇಪ್‌ಗೆ ವಾಪಸ್. ಅಲ್ಲಿ ಮೂರು ಸಲ ಚೆನ್ನಾಗಿ ಮಾಡಲಿ, ಆಮೇಲೆ ಎಲ್ಲಿಗೆ ಹೋಗಬೇಕು ಅಂತ ಅದನ್ನೇ ಕೇಳಿ. "ಏನೂ ಆಗಲ್ಲ ಹೋಗು" ಅನ್ನಬೇಡಿ. ಏನಾದರೂ ಆದರೆ ಆಮೇಲೆ ನಿಮ್ಮ ಮಾತನ್ನು ಅದು ನಂಬುವುದಿಲ್ಲ. ನಾನು ಹಿಡಿಯುತ್ತೇನೆ ಅಂತ ಹೇಳಿದರೆ ಹಿಡಿಯಲೇಬೇಕು, ಒಂದು ಸಲವೂ ತಮಾಷೆಗೆ ಬಿಡಬಾರದು. ಒಂದು ಹುಡುಗ ಒಂಬತ್ತು ದಿನ ಬಾರ್ ಕೆಳಗೆ ನಿಂತು ಬೇರೆಯವರನ್ನು ನೋಡಿದ. ನಾನು ದಿನಾ ಒಂದೇ ಸಲ ಕೇಳುತ್ತಿದ್ದೆ, ಬೇಡ ಅನ್ನುತ್ತಿದ್ದ. ಹತ್ತನೇ ದಿನ ತಾನಾಗೇ ಬಂದು, ಬಾರ್ ಹಿಡಿಯುವಾಗ ಜಾರದಿರಲಿ ಅಂತ ಕೈಗೆ ಚಾಕ್ ಪುಡಿ ಹಚ್ಚಿಕೊಂಡ.

ಪೆಟ್ಟಾದಾಗ

ಉಳಿದ ಮಕ್ಕಳನ್ನು ಮೊದಲು ಕೂರಿಸಿ. ಎಲ್ಲರೂ ಇದ್ದಲ್ಲೇ ನೆಲದ ಮೇಲೆ ಕೂರಬೇಕು ಅನ್ನುವ ಒಂದು ಸೀಟಿಯ ಗುರುತನ್ನು ಮೊದಲ ದಿನವೇ ಕಲಿಸಿಟ್ಟಿರಿ. ತಲೆಗೆ ಪೆಟ್ಟಾಗಿ ತಲೆನೋವು, ತಲೆ ಸುತ್ತು, ವಾಂತಿ, ಗೊಂದಲ ಏನೇ ಕಂಡರೂ ಅವತ್ತು ಮತ್ತೆ ಆಟವಿಲ್ಲ, ಮಗು ಆರಾಮಾಗಿದ್ದೇನೆ ಅಂದರೂ ಇಲ್ಲ. ವೈದ್ಯರು ನೋಡಬೇಕು. ಕುತ್ತಿಗೆ ಅಥವಾ ಬೆನ್ನುಮೂಳೆಗೆ ಪೆಟ್ಟಾಗಿರಬಹುದು ಅಂತ ಅನುಮಾನ ಬಂದರೆ ಮಗುವನ್ನು ಎತ್ತಬೇಡಿ, ಕೂರಿಸಬೇಡಿ, ಪಿಟ್‌ನಿಂದ ಎಳೆಯಬೇಡಿ. ತಲೆಯನ್ನು ಅಲ್ಲಾಡದ ಹಾಗೆ ಹಿಡಿದು ಮಾತಾಡಿಸುತ್ತಾ ಇರಿ, ಇನ್ನೊಬ್ಬರು ಆಂಬುಲೆನ್ಸ್ ಕರೆಯಲಿ. ಕೈ ವಕ್ರವಾಗಿ ಕಂಡರೆ ನೇರ ಮಾಡಲು ಹೋಗಬೇಡಿ.

ಬೀಳದೆಯೂ ಬರುವ ನೋವುಗಳಿವೆ. ಎಂಟರಿಂದ ಹದಿನಾಲ್ಕು ವರ್ಷದೊಳಗಿನ ಮಗು ಹಿಮ್ಮಡಿ ನೋಯುತ್ತೆ, ಮೊಣಕಾಲ ಚಿಪ್ಪಿನ ಕೆಳಗೆ ನೋಯುತ್ತೆ, ಮಣಿಕಟ್ಟು ನೋಯುತ್ತೆ ಅಂದರೆ ನೆಪ ಅಂದುಕೊಳ್ಳಬೇಡಿ. ಮೂಳೆ ಬೆಳೆಯುವ ಜಾಗ ಆ ವಯಸ್ಸಿನಲ್ಲಿ ಮೆತ್ತಗಿರುತ್ತದೆ, ಪದೇ ಪದೇ ಬೀಳುವ ಒತ್ತಡ ಅಲ್ಲಿಗೇ ಹೋಗುತ್ತದೆ. ಹಾರುವುದನ್ನು ನಿಲ್ಲಿಸಿ, ಮನೆಯವರಿಗೆ ತಿಳಿಸಿ. ಚಿಕ್ಕ ಗೀರಾದರೂ ಅವತ್ತೇ ಪುಸ್ತಕದಲ್ಲಿ ಬರೆಯಿರಿ: ಎಷ್ಟು ಹೊತ್ತಿಗೆ, ಎಲ್ಲಿ, ಏನು ಮಾಡುತ್ತಿದ್ದಾಗ, ನೀವು ಏನು ಮಾಡಿದಿರಿ.

ಅಪ್ಪ ಅಮ್ಮಂದಿರು ಕೇಳುವುದು

ಎರಡೇ ಪ್ರಶ್ನೆ. ಇವಳಿಗೆ ಪ್ರತಿಭೆ ಇದೆಯಾ? ಇವನಿಗೆ ವಯಸ್ಸು ಮೀರಿತಾ? ಮೊದಲನೆಯದಕ್ಕೆ ಎರಡು ವಾರದಲ್ಲಿ ಉತ್ತರ ಸಿಗುವುದಿಲ್ಲ ಅಂತ ನೇರವಾಗಿ ಹೇಳಿ. ಎರಡನೆಯದಕ್ಕೆ ನಾನು ಉಜ್ಬೇಕಿಸ್ತಾನದ ಜಿಮ್ನಾಸ್ಟ್ ಒಕ್ಸಾನಾ ಚುಸೊವಿಟಿನಾ ಹೆಸರು ಹೇಳುತ್ತೇನೆ. 1992ರಿಂದ ಸಾಲಾಗಿ ಎಂಟು ಒಲಿಂಪಿಕ್ಸ್, ಎಂಟನೆಯದಕ್ಕೆ ಅವರ ವಯಸ್ಸು 46. ಅವರು ಚಿಕ್ಕಂದಿನಲ್ಲೇ ಶುರು ಮಾಡಿದವರು, ನಿಜ. ಆದರೆ ಹನ್ನೆರಡಕ್ಕೆ ಮೈ ಮುಗಿದುಹೋಗುತ್ತದೆ ಅನ್ನುವ ಮಾತಿಗೆ ಅಷ್ಟು ಉತ್ತರ ಸಾಕು. ಹನ್ನೆರಡಕ್ಕೆ ಶುರು ಮಾಡಿದ ಮಗು ಖುಷಿಗಾಗಿ, ಮೈಯ ಬಲಕ್ಕಾಗಿ ಆರಾಮಾಗಿ ಕಲಿಯಬಹುದು.

ಕೊನೆಯ ದಿನದ ಪ್ರದರ್ಶನದಲ್ಲಿ ಯಾವ ಮಗುವೂ ಅವತ್ತೇ ಮೊದಲ ಸಲ ಏನನ್ನೂ ಮಾಡಬಾರದು. ಕಣ್ಣು ಮುಚ್ಚಿ ಮಾಡುವಷ್ಟು ಸುಲಭವಾದದ್ದನ್ನೇ ತೋರಿಸಲಿ. ನಾನು ಪ್ರದರ್ಶನವನ್ನು ಬೀಳುವ ಆಟದಿಂದಲೇ ಶುರು ಮಾಡುತ್ತೇನೆ. ಯಾಕೆ ಕಲಿಸಿದೆವು ಅಂತ ಎರಡು ಮಾತಿನಲ್ಲಿ ಹೇಳಿ, ಅಪ್ಪ ಅಮ್ಮಂದಿರನ್ನೂ ಮ್ಯಾಟ್‌ಗೆ ಕರೆದು ಮಕ್ಕಳ ಕೈಯಲ್ಲೇ ಕಲಿಸುತ್ತೇನೆ. ಮನೆಗೆ ಹೋದ ಮೇಲೆ ಅದನ್ನು ನೆನಪಿಸುವವರು ಅವರೇ ತಾನೇ.

ನಿಮ್ಮ ಮೈ, ನಿಮ್ಮ ಗಂಟಲು, ನಿಮ್ಮ ಪುಸ್ತಕ

ದಿನಕ್ಕೆ ನೂರು ಸಲ ಮಕ್ಕಳನ್ನು ಎತ್ತುತ್ತೀರಿ. ಬೆಳಿಗ್ಗೆ ಮಕ್ಕಳ ಜೊತೆ ನೀವೂ ವಾರ್ಮಪ್ ಮಾಡಿ, ಸುಮ್ನೆ ನಿಂತು ನೋಡಬೇಡಿ. ಕೂಗಿ ಕೂಗಿ ಮೂರನೇ ದಿನಕ್ಕೆ ಗಂಟಲು ಕಟ್ಟುತ್ತದೆ, ಚಪ್ಪಾಳೆ ಮತ್ತು ಸೀಟಿಯ ಗುರುತುಗಳನ್ನು ಬಳಸಿ. ತುಂಬಾ ಸುಸ್ತಾಗಿದ್ದರೆ ಹಿಡಿಯುವ ಜಾಗವನ್ನು ಇನ್ನೊಬ್ಬ ಕೋಚ್‌ಗೆ ಬಿಟ್ಟುಕೊಡಿ, ಸುಸ್ತಾದ ಕೈ ಅರ್ಧ ಸೆಕೆಂಡು ತಡವಾಗಿ ಹೋಗುತ್ತದೆ.

ಪ್ರತಿ ಸಂಜೆ ಹತ್ತು ನಿಮಿಷ ಕೂತು ಪ್ರತಿ ಮಗುವಿನ ಹೆಸರಿನ ಮುಂದೆ ಒಂದೊಂದು ಸಾಲು ಬರೆಯಿರಿ. ಇವತ್ತು ಏನು ಮಾಡಿತು, ಯಾವುದಕ್ಕೆ ಹೆದರಿತು, ನಾಳೆ ಏನು. ಯಾವ ಮಗುವಿನ ಬಗ್ಗೆ ಬರೆಯಲು ನಿಮಗೆ ಏನೂ ನೆನಪಾಗುವುದಿಲ್ಲವೋ ಅವತ್ತು ನೀವು ಆ ಮಗುವನ್ನು ನೋಡಿಲ್ಲ ಅಂತ ಅರ್ಥ. ಮರುದಿನ ಬೆಳಿಗ್ಗೆ ಮೊದಲು ಅದರ ಹತ್ತಿರ ಹೋಗಿ, ಹೆಸರು ಹಿಡಿದು ಮಾತಾಡಿಸಿ.